ಬಂಡವಾಳಶಾಹಿ: ಪದವೂ ಪದ್ಧತಿಯೂ

‘ಬಂಡವಾಳಶಾಹಿ’ ಎಂಬ ಪದವನ್ನು ಸಿರಿವಂತಿಕೆಗೋ ದುರಾಶೆಗೋ ಇನ್ನೊಂದು ಹೆಸರೆಂಬಂತೆ ಬಳಸುವುದು ರೂಢಿಯಾಗಿದೆ. ಆದರೆ ಸಿರಿವಂತರು ಎಲ್ಲ ಕಾಲದಲ್ಲಿಯೂ ಇದ್ದರು. ಲಾಭಕ್ಕಾಗಿ ಕಡಲು ದಾಟಿದ ವರ್ತಕರೂ ಪ್ರಾಚೀನರೇ. ಹಾಗಾದರೆ ಈ ಪದ್ಧತಿಯಲ್ಲಿ ಹೊಸತಾವುದು? ಇಂಗ್ಲೆಂಡಿನ ಹಳ್ಳಿಯೊಂದರ ಇತಿಹಾಸವು ಇದಕ್ಕೆ ಉತ್ತರ ಕೊಡಬಲ್ಲುದು.

ಡರ್ಬಿಷೈರ್ ಪ್ರಾಂತದ ಕ್ರಾಮ್‌ಫರ್ಡಿನಲ್ಲಿ ರಿಚರ್ಡ್ ಆರ್ಕ್‌ರೈಟನು 1771ರಲ್ಲಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿಯನ್ನು ಕಟ್ಟಲಾರಂಭಿಸಿದನು. ಮೊದಲು ಕ್ಷೌರಿಕನಾಗಿದ್ದ ಆತನಿಗೆ ಸ್ವಂತ ಹಣ ಸಾಲದಾಗಿ, ಜೆಡೆಡಿಯಾ ಸ್ಟ್ರಟ್ ಮತ್ತು ಸ್ಯಾಮ್ಯುಯೆಲ್ ನೀಡ್ ಎಂಬ ಕಾಲುಚೀಲದ ವ್ಯಾಪಾರಿಗಳು ಪಾಲುಗಾರರಾದರು.

ಅದುವರೆಗೆ ನೂಲುವ ಕೆಲಸ ಬಹುಮಟ್ಟಿಗೆ ಮನೆಯಲ್ಲಿಯೇ ಸಾಗುತ್ತಿತ್ತು. ಹತ್ತಿ ವರ್ತಕನದಾಗಿದ್ದರೂ ರಾಟೆ ನೂಲುವವಳದು, ಹೊತ್ತೂ ಅವಳದೇ. ಗಿರಣಿಯಲ್ಲಾದರೋ ಯಂತ್ರ, ಕಟ್ಟಡ, ಹತ್ತಿ, ನೂಲು ಎಲ್ಲವೂ ಒಡೆಯನವು. ಕೆಲಸಗಾರನಿಗೆ ಮಾರಲು ಉಳಿದದ್ದು ತನ್ನ ದುಡಿಮೆಯ ಹೊತ್ತೊಂದೇ. ಯಂತ್ರಗಳು ಹಗಲಿರುಳೂ ನಡೆದವು. 12 ಗಂಟೆಗಳ ಸರದಿಗಳಲ್ಲಿ ಮಕ್ಕಳೂ ದುಡಿದರು. ಹೂಡಿದ ಹಣ ಸುಮ್ಮನಿದ್ದರೆ ನಷ್ಟವೆಂಬುದೇ ಇದಕ್ಕೆ ಕಾರಣ. ಬಂದ ಲಾಭವು ಭೋಗದಲ್ಲಿಯೇ ಕರಗಿಹೋಗದೆ ಮರಳಿ ಬಂಡವಾಳವಾಯಿತು. 1783ರಲ್ಲಿ ಸಮೀಪದಲ್ಲಿಯೇ ಮ್ಯಾಸನ್ ಗಿರಣಿ ಎದ್ದಿತು.

ಆದುದರಿಂದ ಈ ಪದ್ಧತಿಯ ಮುಖ್ಯ ಲಕ್ಷಣಗಳು ಮೂರು: ಉತ್ಪಾದನ ಸಾಧನಗಳ ಖಾಸಗಿ ಒಡೆತನ, ಕೂಲಿಗೆ ಮಾರಲ್ಪಡುವ ಶ್ರಮ, ಪೇಟೆಯ ಪೈಪೋಟಿಯಲ್ಲಿ ಲಾಭದ ಮರುಹೂಡಿಕೆ. ಒಡೆಯನು ಸ್ವಭಾವದಿಂದ ಉದಾರಿಯಾಗಿದ್ದರೂ ಪೈಪೋಟಿಯು ಅವನನ್ನು ಸುಮ್ಮನಿರಗೊಡದು.

1776ರಲ್ಲಿ ‘ರಾಷ್ಟ್ರಗಳ ಸಂಪತ್ತು’ ಗ್ರಂಥವನ್ನು ಪ್ರಕಟಿಸಿದ ಆಡಂ ಸ್ಮಿತ್ತನು ಶ್ರಮವಿಭಜನೆಯಿಂದ ಉತ್ಪಾದನೆ ಹೆಚ್ಚುವುದನ್ನು ವಿವರಿಸಿದನು. ಒಂದೇ ಕೆಲಸವನ್ನು ಜೀವಮಾನವಿಡೀ ಮಾಡುವವನ ಬುದ್ಧಿ ಮಂಕಾಗುವುದೆಂದೂ ಎಚ್ಚರಿಸಿದನು. 1867ರಲ್ಲಿ ‘ಬಂಡವಾಳ’ದ ಮೊದಲ ಸಂಪುಟವನ್ನು ಹೊರತಂದ ಕಾರ್ಲ್ ಮಾರ್ಕ್ಸನು, ಕೂಲಿಗಿಂತ ಮಿಗಿಲಾಗಿ ಶ್ರಮಿಕನು ಸೃಷ್ಟಿಸುವ ಮೌಲ್ಯವೇ ಲಾಭದ ಮೂಲವೆಂದು ವಾದಿಸಿದನು.

ಗಿರಣಿಯ ನೂಲಿನಿಂದ ಬಟ್ಟೆ ಅಗ್ಗವಾಗಿ ಬಡವನ ಮೈಗೂ ದೊರೆಯಿತೆಂಬುದು ಸತ್ಯ. ಆ ನೂಲಿನ ಹಿಂದೆ ಎಳೆಯ ಮಕ್ಕಳ ನಿದ್ದೆಯಿತ್ತೆಂಬುದೂ ಅಷ್ಟೇ ಸತ್ಯ. ಬಹುತೇಕ ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ತಡೆದು, ಅದನ್ನು ನೋಡಿಕೊಳ್ಳಲು ತನಿಖಾಧಿಕಾರಿಗಳನ್ನು ನೇಮಿಸಿದ್ದು 1833ರ ಕಾಯಿದೆಯೇ ಹೊರತು ಪೇಟೆಯಲ್ಲ. ದೋಷವನ್ನು ವ್ಯಕ್ತಿಯ ದುರಾಶೆಯಲ್ಲಿ ಮಾತ್ರ ಹುಡುಕುವವನು ಒಡೆಯನನ್ನು ಹಳಿದು ಸುಮ್ಮನಾಗುತ್ತಾನೆ. ಪದ್ಧತಿಯನ್ನು ಅರಿತವನು ಕಾಯಿದೆಯನ್ನು ಕೇಳುತ್ತಾನೆ. ಪದದ ಅರ್ಥವನ್ನು ಸರಿಯಾಗಿ ತಿಳಿಯಬೇಕಾದುದು ಈ ಕಾರಣಕ್ಕಾಗಿಯೇ.