ಅನ್ನವೇ ಔಷಧಿಯಾಗಿದ್ದ ಕಾಲ

ಕಿಡ್ನಿ ರೋಗಿಗಳಿಗೆ ಅನ್ನ ತಿನ್ನಿಸಿಯೇ ಚಿಕಿತ್ಸೆ ಕೊಟ್ಟ ವೈದ್ಯರೊಬ್ಬರು ಅಮೆರಿಕದಲ್ಲಿದ್ದರು ಎಂದರೆ ನಂಬುತ್ತೀರಾ?

ಹೆಸರು ವಾಲ್ಟರ್ ಕೆಂಪ್ನರ್. ಹಿಟ್ಲರನ ಜರ್ಮನಿ ಬಿಟ್ಟು ಡ್ಯೂಕ್ ವಿಶ್ವವಿದ್ಯಾಲಯ ಸೇರಿದವರು. ಅದು 1939. ರಕ್ತದೊತ್ತಡಕ್ಕೆ ಒಳ್ಳೆಯ ಮಾತ್ರೆಯಿಲ್ಲ, ಡಯಾಲಿಸಿಸ್ ಅಂತೂ ಇಲ್ಲವೇ ಇಲ್ಲ. ಅವರು ಕೊಟ್ಟದ್ದು ಬಿಳಿ ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ.. ಅಷ್ಟೇ. ಉಪ್ಪು ಹಾಕುವಂತಿಲ್ಲ. ಪ್ರೋಟೀನ್ ದಿನಕ್ಕೆ ಸುಮಾರು 20 ಗ್ರಾಂ. ಎರಡು ವಾರ ತಿನ್ನಬೇಕಿದ್ದ ರೋಗಿಯೊಬ್ಬಳು, ಅವರ ಜರ್ಮನ್ ಉಚ್ಚಾರ ತಿಳಿಯದೆ, ಎರಡು ತಿಂಗಳು ತಿಂದು ಬಂದಳಂತೆ. ನೋಡಿದರೆ ರಕ್ತದೊತ್ತಡ ಇಳಿದಿತ್ತು!

ಹಾಗಾದರೆ ದಿನಾ ಅನ್ನ ಉಣ್ಣುವ ನಮಗೇನು ಭಯ ಎನ್ನಬೇಡಿ. ಗುಣ ಕೊಟ್ಟದ್ದು ಅನ್ನದಲ್ಲಿ ಇದ್ದದ್ದಲ್ಲ, ಇಲ್ಲದ್ದು. ರಕ್ತದೊತ್ತಡ ಇಳಿಯಲು ಮುಖ್ಯ ಕಾರಣ ಉಪ್ಪಿಲ್ಲದಿದ್ದುದು.

ಇನ್ನು ಪ್ರೋಟೀನ್ ವಿಷಯ. ಅದು ಹೆಚ್ಚಾದರೆ ಕಿಡ್ನಿಯಲ್ಲಿ ಅಳಿದುಳಿದ ಸೋಸುವ ಗಂಟುಗಳು ಅತಿಯಾಗಿ ದುಡಿದು ಸವೆಯುತ್ತವೆ ಎಂದು 1982ರಲ್ಲಿ ಬ್ಯಾರಿ ಬ್ರೆನ್ನರ್ ತಂಡ ವಾದಿಸಿತು. ಆದರೆ 1994ರಲ್ಲಿ ಪ್ರಕಟವಾದ 840 ರೋಗಿಗಳ ಅಮೆರಿಕನ್ ಅಧ್ಯಯನದಲ್ಲಿ, ಪ್ರೋಟೀನ್ ಕಡಿತದ ಲಾಭ ಎಣಿಸಿದಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ರೋಗ ಮುಂದುವರಿದ, ಡಯಾಲಿಸಿಸ್ ಶುರುವಾಗದ ವಯಸ್ಕರಿಗೆ 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಕಿಲೋ ತೂಕಕ್ಕೆ ದಿನಕ್ಕೆ 0.8 ಗ್ರಾಂ ಪ್ರೋಟೀನ್. ಉಪ್ಪು 5 ಗ್ರಾಂಗಿಂತ ಕಡಿಮೆ.

ನನಗೆ ಗೊತ್ತಿರುವ ಹಿರಿಯರೊಬ್ಬರು ಕಿಡ್ನಿ ತೊಂದರೆ ಎಂದೊಡನೆ ಬೇಳೆ, ಮೊಸರು ಎಲ್ಲ ಬಿಟ್ಟು ಸೊರಗಿಹೋದರು. ಉಪ್ಪಿನಕಾಯಿ ಮಾತ್ರ ಬಿಡಲಿಲ್ಲ! ನಿಮ್ಮ ಮನೆಯಲ್ಲೂ ಹೀಗೇ ನಡೆದಿದ್ದರೆ, ಬೇಳೆ ಎಷ್ಟಿರಬೇಕೆಂದು ವೈದ್ಯರನ್ನು ಕೇಳಿ. ಉಪ್ಪಿನಕಾಯಿ ಭರಣಿಯನ್ನು ಇವತ್ತೇ ಅಟ್ಟಕ್ಕೇರಿಸಿ.