ಹಡಗಿನ ಮೇಲೆ ಇಳಿದ ಬೆಂಗಳೂರಿನ ವಿಮಾನ

ಮಾಗಡಿಯ ಜನ ತಮ್ಮವರೆಂದು ಅಭಿಮಾನದಿಂದ ಹೇಳಿಕೊಳ್ಳುವ ಕೆಂಪೇಗೌಡರ ಹೆಸರು ಹೊತ್ತ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ರನ್‌ವೇ ಉದ್ದ ೪ ಕಿಲೋಮೀಟರ್. ಇಳಿದ ವಿಮಾನ ಸಾವಧಾನವಾಗಿ ವೇಗ ಕಳೆದುಕೊಂಡು ನಿಲ್ಲಲು ಅಲ್ಲಿ ಬೇಕಾದಷ್ಟು ಜಾಗವಿದೆ. ಆದರೆ ಅದೇ ಬೆಂಗಳೂರಿನಲ್ಲಿ ರೂಪುಗೊಂಡ ಒಂದು ಯುದ್ಧವಿಮಾನ ೨೦೨೦ರ ಜನವರಿ ೧೧ರಂದು ಸಮುದ್ರದಲ್ಲಿ ಸಾಗುತ್ತಿದ್ದ ಹಡಗಿನ ಮೇಲೆ ಇಳಿದು, ನೂರು ಮೀಟರಿನಷ್ಟು ಜಾಗದಲ್ಲಿ ನಿಂತುಬಿಟ್ಟಿತು. ಹಡಗು ಐಎನ್‌ಎಸ್ ವಿಕ್ರಮಾದಿತ್ಯ. ವಿಮಾನ ನೌಕಾ ತೇಜಸ್. ಅದನ್ನು ಇಳಿಸಿದವರು ಕಮೋಡೋರ್ ಜೈದೀಪ್ ಮಾವಳಂಕರ್.

ಸಂಭ್ರಮಿಸಬೇಕಾದ ಸಂಗತಿಯೇ ಸರಿ. ಆದರೆ ಅದಕ್ಕೆ ಮೂರು ವರ್ಷ ಮೊದಲೇ, ೨೦೧೬ರ ಡಿಸೆಂಬರ್‌ನಲ್ಲಿ, ಈ ವಿಮಾನ ತನ್ನ ಅಗತ್ಯಕ್ಕೆ ಒದಗದು ಎಂದು ನೌಕಾಪಡೆ ಹೇಳಿಯಾಗಿತ್ತು. ಬೇಡವೆಂದ ವಿಮಾನವನ್ನು ಮತ್ತೆ ಹಡಗಿನ ಮೇಲೆ ಇಳಿಸಿದ್ದೇಕೆ? ಅದರಿಂದ ಬಂದ ಲಾಭವೇನು?

ಹಡಗೇ ವಿಮಾನ ನಿಲ್ದಾಣ

ನೆಲದ ವಿಮಾನ ನಿಲ್ದಾಣದಿಂದ ನೂರಾರು ಕಿಲೋಮೀಟರ್ ದೂರವಿರುವ ಯುದ್ಧನೌಕೆಗಳಿಗೆ ಆಕಾಶದಿಂದ ರಕ್ಷಣೆ ಬೇಕು. ಅದಕ್ಕಾಗಿಯೇ ವಿಮಾನವಾಹಕ ನೌಕೆ ಹುಟ್ಟಿಕೊಂಡಿತು. ಅಮೆರಿಕದ ಯೂಜೀನ್ ಈಲಿ ೧೯೧೦ರಲ್ಲಿ ಹಡಗಿನಿಂದ ವಿಮಾನ ಹಾರಿಸಿದ. ೧೯೧೧ರ ಜನವರಿಯಲ್ಲಿ ಹಡಗಿನ ಮೇಲೆ ಇಳಿಸಿಯೂ ತೋರಿಸಿದ. ಡೆಕ್ಕಿನ ಅಡ್ಡಕ್ಕೆ ಹಗ್ಗಗಳನ್ನು ಎಳೆದು, ಅವುಗಳ ತುದಿಗೆ ಮರಳಿನ ಚೀಲ ಕಟ್ಟಿದ್ದರು. ವಿಮಾನದ ಕೊಕ್ಕೆಗಳು ಆ ಹಗ್ಗಗಳನ್ನು ಹಿಡಿದು ವೇಗ ತಗ್ಗಿಸಿದವು. ಇಂದು ಮರಳಿನ ಚೀಲದ ಜಾಗದಲ್ಲಿ ಭಾರೀ ಹೈಡ್ರಾಲಿಕ್ ಯಂತ್ರಗಳಿವೆ, ಹಗ್ಗದ ಜಾಗದಲ್ಲಿ ಉಕ್ಕಿನ ತಂತಿಗಳಿವೆ. ಮೂಲ ತತ್ವ ಮಾತ್ರ ಅದೇ.

ಭಾರತದ ಮೊದಲ ವಿಮಾನವಾಹಕ ನೌಕೆ ವಿಕ್ರಾಂತ್ ೧೯೬೧ರಲ್ಲಿ ಸೇವೆಗೆ ಸೇರಿತು. ೧೯೭೧ರ ಯುದ್ಧದಲ್ಲಿ ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ದಾಳಿ ನಡೆಸಿದವು. ೧೯೮೩ರಲ್ಲಿ ನೆಟ್ಟಗೆ ಕೆಳಗಿಳಿಯಬಲ್ಲ ಸೀ ಹ್ಯಾರಿಯರ್ ಬಂತು. ೨೦೧೬ರಲ್ಲಿ ಅದು ನಿವೃತ್ತಿಯಾಯಿತು. ಸೀ ಹಾಕ್ ಮತ್ತು ಸೀ ಹ್ಯಾರಿಯರ್ ಎರಡೂ ಬ್ರಿಟನ್ನಿನವು. ಅನಂತರ ರಷ್ಯಾದಿಂದ ೪೫ ಮಿಗ್-೨೯ಕೆ ವಿಮಾನಗಳನ್ನು ಕೊಳ್ಳಲಾಯಿತು. ೨೦೧೩ರಲ್ಲಿ ಸೇವೆಗೆ ಸೇರಿದ, ಕಾರವಾರದ ಕದಂಬ ನೌಕಾನೆಲೆಯನ್ನು ತವರಾಗಿಸಿಕೊಂಡ ವಿಕ್ರಮಾದಿತ್ಯಕ್ಕೆ ಇವೇ ಆಸರೆ. ಆದರೆ ಸೇವೆಗೆ ಬಂದ ೬೫ ಎಂಜಿನ್‌ಗಳಲ್ಲಿ ೪೦ನ್ನು ದೋಷಗಳ ಕಾರಣ ಹಿಂದೆಗೆಯಬೇಕಾಯಿತೆಂದು ಮಹಾಲೇಖಪಾಲರ ೨೦೧೬ರ ವರದಿ ಹೇಳಿತು. ಹಡಗು ನಮ್ಮದು, ವಿಮಾನ ಪರರದು ಎಂಬ ಸ್ಥಿತಿಯ ಕಷ್ಟ ಇಲ್ಲಿ ಸ್ಪಷ್ಟವಾಗುತ್ತದೆ.

ಎರಡೂವರೆ ಸೆಕೆಂಡಿನ ಪರೀಕ್ಷೆ

ನೆಲದ ವಿಮಾನಕ್ಕೆ ಒಂದು ಕೊಕ್ಕೆ ಜೋಡಿಸಿದರೆ ಅದು ಹಡಗಿನ ವಿಮಾನವಾಗುವುದಿಲ್ಲ. ನೌಕಾ ತೇಜಸ್ ಇಳಿಯುವಾಗ ಅದರ ವೇಗ ಗಂಟೆಗೆ ಸುಮಾರು ೨೪೦ ಕಿಲೋಮೀಟರ್. ಆ ವೇಗದಲ್ಲಿ ರಾಮನಗರದಿಂದ ಚನ್ನಪಟ್ಟಣಕ್ಕಿರುವ ೧೨ ಕಿಲೋಮೀಟರ್ ದಾರಿಯನ್ನು ಮೂರು ನಿಮಿಷದಲ್ಲಿ ದಾಟಬಹುದು. ತಂತಿಗೆ ಕೊಕ್ಕೆ ಸಿಕ್ಕ ಸುಮಾರು ಎರಡೂವರೆ ಸೆಕೆಂಡಿನಲ್ಲಿ ಈ ವೇಗ ಸೊನ್ನೆಗೆ ಇಳಿಯಬೇಕು. ವಿಮಾನದ ಹಿಂಬದಿಯನ್ನು ಯಾರೋ ಹಿಡಿದು ಜಗ್ಗಿದಂತಹ ಸ್ಥಿತಿ ಅದು.

ನೆಲದ ಮೇಲೆ ಇಳಿಯುವ ಪೈಲಟ್ ಕೊನೆಯ ಗಳಿಗೆಯಲ್ಲಿ ಮೂತಿ ಎತ್ತಿ ಮೆಲ್ಲಗೆ ನೆಲ ಮುಟ್ಟುತ್ತಾನೆ. ಹಡಗಿನ ಮೇಲೆ ಅದಕ್ಕೆ ಅವಕಾಶವಿಲ್ಲ. ಮೂರು ತಂತಿಗಳಲ್ಲಿ ಒಂದನ್ನು ಹಿಡಿಯಲೇಬೇಕು. ಆದ್ದರಿಂದ ವಿಮಾನ ಸೆಕೆಂಡಿಗೆ ಸುಮಾರು ೭ ಮೀಟರ್ ವೇಗದಲ್ಲಿ ಡೆಕ್ಕಿಗೆ ಅಪ್ಪಳಿಸುತ್ತದೆ. ಚಕ್ರ ತಾಗಿದೊಡನೆ ಪೈಲಟ್ ಎಂಜಿನ್ ಆರಿಸುವುದಿಲ್ಲ, ಬದಲಿಗೆ ಪೂರ್ಣ ಶಕ್ತಿಗೆ ಏರಿಸುತ್ತಾನೆ! ಕೊಕ್ಕೆ ತಪ್ಪಿದರೆ ಮತ್ತೆ ಹಾರಿಹೋಗಲು ಇದೊಂದೇ ದಾರಿ.

ಹೀಗಾಗಿ ತೇಜಸ್‌ನ ಚಕ್ರದ ಕಾಲುಗಳನ್ನೂ ಮೈಯ ಚೌಕಟ್ಟನ್ನೂ ಬಲಪಡಿಸಬೇಕಾಯಿತು. ಡೆಕ್ ಕಾಣುವಂತೆ ಮೂತಿಯನ್ನು ಕೆಳಕ್ಕೆ ಬಾಗಿಸಲಾಯಿತು. ಕಡಿಮೆ ವೇಗದಲ್ಲೂ ಹಿಡಿತ ತಪ್ಪದಿರಲೆಂದು ರೆಕ್ಕೆಯ ಬುಡದಲ್ಲಿ ಚಲಿಸುವ ಪಟ್ಟಿಗಳನ್ನು ಸೇರಿಸಲಾಯಿತು. ತುರ್ತಿನಲ್ಲಿ ಇಂಧನ ಹೊರಚೆಲ್ಲಿ ಭಾರ ಇಳಿಸಿಕೊಳ್ಳುವ ಏರ್ಪಾಡೂ ಬಂತು.

ಎರಡು ಬಾರಿ ಎದುರಾದ ತೊಡಕು

ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭವಾದದ್ದು ೧೯೪೦ರಲ್ಲಿ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸಂಸ್ಥಾನ, ಉದ್ಯಮಿ ವಾಲ್‌ಚಂದ್ ಹೀರಾಚಂದರ ಜೊತೆ ಬಂಡವಾಳ ಹೂಡಿ ಇದಕ್ಕೆ ನೆಲೆ ಒದಗಿಸಿತು. ಇಂದಿನ ಎಚ್‌ಎಎಲ್ ಬೆಳೆದದ್ದು ಅಲ್ಲಿಂದ. ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲಿ ರೂಪಿಸಿದ ಎಚ್‌ಎಫ್-೨೪ ಮಾರುತ್ ೧೯೬೧ರ ಜೂನ್ ೧೭ರಂದು ಹಾರಿತು. ಹಾರಿಸಿದವರು ಸುರಂಜನ್ ದಾಸ್. ಎಚ್‌ಎಎಲ್ ಬಳಿಯ ರಸ್ತೆಗೆ ಇರುವುದು ಅವರದೇ ಹೆಸರು. ಮಾರುತ್‌ನ ಮೈಕಟ್ಟು ಶಬ್ದಕ್ಕಿಂತ ವೇಗವಾಗಿ ಹಾರಲು ತಕ್ಕದ್ದಾಗಿತ್ತು. ಆದರೆ ಅದಕ್ಕೆ ತಕ್ಕ ಎಂಜಿನ್ ದೊರೆಯಲಿಲ್ಲ. ಕಡಿಮೆ ಶಕ್ತಿಯ ಆರ್ಫಿಯಸ್ ಎಂಜಿನ್‌ಗಳಲ್ಲೇ ತೃಪ್ತಿಪಡಬೇಕಾಯಿತು. ೧೪೭ ಮಾರುತ್‌ಗಳು ತಯಾರಾದವು, ೧೯೭೧ರ ಯುದ್ಧದಲ್ಲೂ ಹೋರಾಡಿದವು. ಕಂಡಿದ್ದ ಕನಸು ಮಾತ್ರ ಅರ್ಧಕ್ಕೇ ನಿಂತಿತು.

ಲಘು ಯುದ್ಧವಿಮಾನ ಯೋಜನೆಗೆ ೧೯೮೩ರಲ್ಲಿ ಒಪ್ಪಿಗೆ ದೊರೆಯಿತು. ಮರುವರ್ಷ ಬೆಂಗಳೂರಿನಲ್ಲಿ ವೈಮಾನಿಕ ಅಭಿವೃದ್ಧಿ ಸಂಸ್ಥೆ ಹುಟ್ಟಿತು. ೨೦೦೧ರ ಜನವರಿ ೪ರಂದು ಮೊದಲ ಹಾರಾಟ. ನೌಕಾ ಮಾದರಿಗೆ ೨೦೦೩ರಲ್ಲಿ ಅನುಮೋದನೆ ಸಿಕ್ಕಿ, ಮೊದಲ ವಿಮಾನ ೨೦೧೨ರ ಏಪ್ರಿಲ್ ೨೭ರಂದು ಹಾರಿತು. ಗೋವಾದ ಹಂಸ ನೌಕಾನೆಲೆಯಲ್ಲಿ ಹಡಗಿನ ಡೆಕ್ಕನ್ನೇ ಹೋಲುವ ಪರೀಕ್ಷಾ ತಾಣ ಸಿದ್ಧವಾಯಿತು. ೨೦೧೪ರ ಡಿಸೆಂಬರ್ ೨೦ರಂದು ಅಲ್ಲಿನ ದಿಬ್ಬದ ಮೇಲಿಂದ ವಿಮಾನ ಚಿಮ್ಮಿತು.

ಈ ದಿಬ್ಬದಲ್ಲೇ ತೊಡಕು. ಅಮೆರಿಕದ ದೊಡ್ಡ ನೌಕೆಗಳಲ್ಲಿ ವಿಮಾನವನ್ನು ಕವಣೆಯಂತೆ ಎಸೆಯುವ ಯಂತ್ರವಿದೆ. ವಿಕ್ರಮಾದಿತ್ಯದಲ್ಲಾಗಲೀ ಹೊಸ ವಿಕ್ರಾಂತ್‌ನಲ್ಲಾಗಲೀ ಅದಿಲ್ಲ. ಕೆಲವೇ ನೂರು ಅಡಿ ಓಡಿ, ಮೇಲಕ್ಕೆ ಬಾಗಿದ ಡೆಕ್ಕಿನ ತುದಿಯಿಂದ ತನ್ನ ಎಂಜಿನ್ ಬಲದಿಂದಲೇ ವಿಮಾನ ಏಳಬೇಕು. ಕನಕಪುರದ ಗ್ರಾನೈಟ್ ದಿಮ್ಮಿ ಹೇರಿದ ಲಾರಿಯನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಖಾಲಿ ಲಾರಿ ಏರನ್ನು ಹತ್ತಿದ ಮಾತ್ರಕ್ಕೆ ಹೇರಿದ ಲಾರಿ ಹತ್ತುತ್ತದೆಂದು ಹೇಳಲಾಗದು.

ಹಡಗಿನ ಯುದ್ಧವಿಮಾನ ಹತ್ತು ಕೆಲಸದ ಆಳು. ಶತ್ರು ವಿಮಾನವನ್ನು ಹೊಡೆಯಬೇಕು, ಶತ್ರು ಹಡಗಿನ ಮೇಲೆ ಕ್ಷಿಪಣಿ ಹಾಕಬೇಕು, ದಡದ ಗುರಿಗಳಿಗೆ ಬಾಂಬು ಒಯ್ಯಬೇಕು, ಮರಳಿ ಬರಲು ಇಂಧನ ಉಳಿಸಿಕೊಳ್ಳಬೇಕು. ಬಲಪಡಿಸಿದ ಮೈಯಿಂದ ತೂಕ ಹೆಚ್ಚಿದ್ದ ನೌಕಾ ತೇಜಸ್‌ಗೆ ಒಂದೇ ಎಫ್-೪೦೪ ಎಂಜಿನ್‌ನಿಂದ ಇಷ್ಟೆಲ್ಲ ಹೊರುವುದು ಆಗಲಿಲ್ಲ. ಬೆಂಗಳೂರಿನಲ್ಲೇ ರೂಪಿಸುತ್ತಿದ್ದ ಕಾವೇರಿ ಎಂಜಿನ್ನನ್ನು ೨೦೦೮ರಲ್ಲೇ ತೇಜಸ್ ಯೋಜನೆಯಿಂದ ಬೇರ್ಪಡಿಸಲಾಗಿತ್ತು. ಮಾರುತ್‌ಗೆ ಒದಗಿದ್ದ ಕೊರತೆ ಇಲ್ಲೂ ಬಂದು ಕೂತಿತು. ನೌಕಾಪಡೆಯ ತೀರ್ಮಾನ ಕಟುವೆನಿಸಬಹುದು. ಆದರೆ ಅರೆಹೊರೆ ಹೊತ್ತ ವಿಮಾನವನ್ನು ನಂಬಿ ಯುದ್ಧಕ್ಕೆ ಹೋಗೆಂದು ನಾವಿಕರಿಗೆ ಹೇಳುವುದು ನ್ಯಾಯವಲ್ಲ.

ಕೈಗೆ ಬಂದ ವಿದ್ಯೆ

ಹಾಗಿದ್ದೂ ಪರೀಕ್ಷೆಗಳು ನಿಲ್ಲಲಿಲ್ಲ. ೨೦೧೯ರ ಸೆಪ್ಟೆಂಬರ್ ೧೩ರಂದು ಗೋವಾದ ತಾಣದಲ್ಲಿ ನೌಕಾ ತೇಜಸ್ ಮೊದಲ ಬಾರಿಗೆ ತಂತಿ ಹಿಡಿದು ನಿಂತಿತು. ನಾಲ್ಕು ತಿಂಗಳಲ್ಲಿ ವಿಕ್ರಮಾದಿತ್ಯದ ಮೇಲೆ ಇಳಿಯಿತು; ಮರುದಿನ ಅಲ್ಲಿಂದಲೇ ಹಾರಿತು. ೨೦೨೩ರ ಫೆಬ್ರುವರಿ ೬ರಂದು ಕೊಚ್ಚಿಯಲ್ಲಿ ಕಟ್ಟಿದ ಹೊಸ ವಿಕ್ರಾಂತ್ ಮೇಲೂ ಇಳಿಯಿತು. ದೇಶೀ ವಿಮಾನ, ದೇಶೀ ಹಡಗು ಕೂಡಿದ್ದು ಅದೇ ಮೊದಲು.

ಇಂಥ ವಿಮಾನವನ್ನು ತಾನೇ ರೂಪಿಸಿ ಹಡಗಿನ ಮೇಲೆ ಇಳಿಸಿದ ದೇಶಗಳು ಬೆರಳೆಣಿಕೆಯಷ್ಟು. ತಂತಿ ಜಗ್ಗಿದಾಗ ಚೌಕಟ್ಟಿನ ಯಾವ ಭಾಗಕ್ಕೆ ಎಷ್ಟು ಹೊಡೆತ ಬೀಳುತ್ತದೆ, ಓಲಾಡುವ ಡೆಕ್ಕಿಗೆ ಗಣಕಯಂತ್ರ ಹೇಗೆ ದಾರಿ ಹಿಡಿಸಬೇಕು ಎಂಬುದನ್ನು ಯಾವ ದೇಶವೂ ಮಾರುವುದಿಲ್ಲ. ಇಳಿಸಿಯೇ ಕಲಿಯಬೇಕು. ನೌಕಾ ತೇಜಸ್‌ನಿಂದ ನೌಕಾಪಡೆಗೆ ಒಂದು ದಳ ದೊರೆಯಲಿಲ್ಲ. ಬೆಂಗಳೂರಿನ ತಂತ್ರಜ್ಞರಿಗೆ ಈ ವಿದ್ಯೆ ದೊರೆಯಿತು.

ಈ ವಿದ್ಯೆ ಮುಂದಿನ ವಿಮಾನಕ್ಕೆ ಬಂಡವಾಳ. ಎರಡು ಎಂಜಿನ್, ಮಡಚುವ ರೆಕ್ಕೆಗಳಿರುವ ಹೊಸ ನೌಕಾ ವಿಮಾನದ ವಿನ್ಯಾಸವನ್ನು ಅದೇ ವೈಮಾನಿಕ ಅಭಿವೃದ್ಧಿ ಸಂಸ್ಥೆ ಕೈಗೊಂಡಿದೆ. ಅದು ಇನ್ನೂ ಹಾರಿಲ್ಲ. ಅದಕ್ಕೆ ನೆಚ್ಚಿಕೊಂಡಿರುವ ಎಫ್-೪೧೪ ಎಂಜಿನ್ ಕೂಡ ಅಮೆರಿಕದ್ದೇ. ಹಡಗುಗಳು ಅಲ್ಲಿಯವರೆಗೆ ಕಾಯಲಾರವು. ೨೦೨೫ರ ಏಪ್ರಿಲ್ ೨೮ರಂದು ಭಾರತ ಸುಮಾರು ೬೩ ಸಾವಿರ ಕೋಟಿ ರೂಪಾಯಿಗೆ ೨೬ ರಫೇಲ್ ನೌಕಾ ವಿಮಾನಗಳ ಒಪ್ಪಂದಕ್ಕೆ ಫ್ರಾನ್ಸ್ ಜೊತೆ ಸಹಿ ಹಾಕಿತು.

ಮಾರುತ್ ಕಟ್ಟಿದವರ ಅನುಭವ ಮುಂದಿನ ವಿಮಾನಕ್ಕೆ ನೇರವಾಗಿ ಹರಿದುಬರಲಿಲ್ಲ. ಮಾರುತ್ ಮೊದಲು ಹಾರಿದ್ದಕ್ಕೂ ತೇಜಸ್ ಮೊದಲು ಹಾರಿದ್ದಕ್ಕೂ ನಡುವೆ ೪೦ ವರ್ಷ ಸರಿದುಹೋಗಿತ್ತು. ವಿಕ್ರಮಾದಿತ್ಯದ ಮೇಲೆ ಇಳಿದ ವಿಮಾನವನ್ನು ರೂಪಿಸಿದವರು ಕೆಲಸದಲ್ಲಿರುವಾಗಲೇ ಅದರ ತಮ್ಮ ಹಾರಬೇಕು. ಎಂಜಿನ್ ಕಟ್ಟುವ ವಿದ್ಯೆಯೂ ಅದರ ಜೊತೆಗೇ ಕೈಗೂಡಬೇಕು. ಇಲ್ಲವಾದರೆ ಆ ಎರಡೂವರೆ ಸೆಕೆಂಡಿನ ಪಾಠವನ್ನು ಇನ್ನೊಂದು ತಲೆಮಾರು ಮೊದಲಿನಿಂದ ಕಲಿಯಬೇಕಾದೀತು.