ಮಣ್ಣು ಕೊಂಡವರಿಗೆ ಮರ ಸಿಕ್ಕೀತೇ?

ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಒಂದು ಕ್ರಯಪತ್ರವಿದೆ. ಕೊಡ್ಲಿಪೇಟೆಯ ಹತ್ತಿರ ಅಜ್ಜ ಕೊಂಡ ಗದ್ದೆ ಮತ್ತು ಅದಕ್ಕೆ ಸೇರಿದ ಬಾಣೆಯ ಕಾಗದ ಅದು. ಮಡಿಸಿದ ಗೆರೆಗಳಲ್ಲಿ ಹರಿದುಹೋಗಿರುವುದರಿಂದ ಬಿಡಿಸುವಾಗ ಎರಡೂ ಕೈ ಬೇಕು. ಕೆಲವು ವರ್ಷಗಳ ಹಿಂದೆ ಸಾಲ ತೀರಿಸಲೆಂದು ಅಪ್ಪ ಆ ಜಾಗ ಮಾರಲು ಹೊರಟರು. ಹೊಳೆಯಾಚೆಯ ಹಾಸನ ಕಡೆಯವರೊಬ್ಬರು ನೋಡಲು ಬಂದರು. ಗದ್ದೆಯ ಬದುವಿನ ಮೇಲೆ ಎರಡು ನಿಮಿಷ ನಿಂತವರು ಬಾಣೆಯಲ್ಲಿ ಒಂದು ಗಂಟೆ ಸುತ್ತಿದರು. ಬೀಟೆ, ನಂದಿ, ಹಲಸಿನ ಮರಗಳನ್ನು ತಲೆಯೆತ್ತಿ ಎಣಿಸಿದರು. ಮುಂಗಡದ ಮಾತು ಬಂದಾಗ ಅವರು ಕೇಳಿದ್ದು ಒಂದೇ: "ಮರ ನಿಮ್ದೇ ತಾನೇ ಸ್ವಾಮಿ?"

"ನಮ್ಮ ಜಾಗದಲ್ಲಿರೋ ಮರ ಇನ್ಯಾರ್ದು?" ಎಂದರು ಅಪ್ಪ.

ಪಹಣಿ ತೆಗೆಸಿ ನೋಡಿದಾಗ ಉತ್ತರ ಬೇರೆಯೇ ಇತ್ತು. ಜಾಗ 'ಅನ್‌ರಿಡೀಮ್ಡ್'. ಅಂದರೆ, ಅದರಲ್ಲಿರುವ ಮರಗಳ ಮೌಲ್ಯವನ್ನು ಸರ್ಕಾರಕ್ಕೆ ಯಾರೂ ಕಟ್ಟಿಲ್ಲ. ನೆಲ ನಮ್ಮದು, ಮರದ ಬೆಲೆ ಸರ್ಕಾರದ್ದು. ವ್ಯಾಪಾರ ಅಲ್ಲಿಗೇ ನಿಂತಿತು. ಇತಿಹಾಸ ಓದುತ್ತಿದ್ದ ನನಗೆ, ನಮ್ಮ ಮನೆಯ ಕಾಗದವನ್ನೇ ನಾನು ಓದಿರಲಿಲ್ಲ ಎಂಬುದು ಅಂದು ಗೊತ್ತಾಯಿತು.

ಆ ರಾತ್ರಿ ಅಜ್ಜನ ಪತ್ರ ಬಿಡಿಸಿ ಕೂತೆ. ನಾಲ್ಕು ದಿಕ್ಕಿನ ಚಕ್ಕುಬಂದಿ ಆದ ಮೇಲೆ ಒಂದು ಸಾಲಿನಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಪದಗಳಿದ್ದವು. ಶಾಸನಗಳನ್ನು ಓದಿದವರಿಗೆ ಇವು ಹಳೆಯ ಪರಿಚಯ. ವಿಜಯನಗರ ಕಾಲದ ದಾನಶಾಸನಗಳಲ್ಲಿ 'ಅಷ್ಟಭೋಗ ತೇಜಸ್ವಾಮ್ಯ' ಎಂದು ಮತ್ತೆ ಮತ್ತೆ ಬರುವುದು ಇವೇ. ಹೂತಿಟ್ಟ ಧನ, ನೀರು, ಕಲ್ಲು, ಕ್ಷಯಿಸದೆ ಉಳಿಯುವ ಹಕ್ಕು, ಮುಂದೆ ಬರಬಹುದಾದ ಲಾಭ, ಈಗಾಗಲೇ ಕೈಗೆ ಬಂದಿರುವ ಫಲ, ದುಡಿದರೆ ಬರುವ ಫಲ ಎಲ್ಲವೂ ಕೊಂಡವನಿಗೆ ಸೇರಲಿ ಎಂಬ ಮಾತು. ರಾಜರು ಹೋದರು, ಸರ್ಕಾರಗಳು ಬದಲಾದವು. ಪತ್ರಬರಹಗಾರರ ಕೈಯಲ್ಲಿ ಈ ಸಾಲು ಮಾತ್ರ ಇಂದಿಗೂ ಉಳಿದಿದೆ.

ಹಳೆಯ ಪತ್ರಗಳಲ್ಲಿ ಇದರ ಜೊತೆಗೇ ಬರುವ ಇನ್ನೊಂದು ಮಾತಿದೆ: ಈ ಭೂಮಿ 'ದಾನ, ಆಧಿ, ಕ್ರಯ, ವಿಕ್ರಯ'ಗಳಿಗೆ ಯೋಗ್ಯವಾದುದು ಎಂಬುದು. ಆಧಿ ಎಂದರೆ ಅಡವು. ಅನುಭವಿಸುವ ಹಕ್ಕು ಒಂದು, ಮಾರುವ ಹಕ್ಕು ಇನ್ನೊಂದು ಎಂದು ನಮ್ಮ ಹಿರಿಯರು ಎರಡನ್ನೂ ಬೇರೆ ಬೇರೆಯಾಗಿ ಬರೆಸುತ್ತಿದ್ದರು. ಇದು ಬರಿಯ ಪದಾಡಂಬರವಲ್ಲ ಎಂಬುದು ಕೊಡಗಿನ ಭೂಮಿಯ ಕಥೆ ಓದಿದಾಗ ಅರ್ಥವಾಗುತ್ತದೆ.

1811ರಿಂದ 1820ರವರೆಗೆ ಆಳಿದ ಲಿಂಗರಾಜೇಂದ್ರ ಕೊಡಗಿನ ಜಮೀನುಗಳನ್ನು ಅಳೆಸಿ ಲೆಕ್ಕ ಬರೆಸಿದ. ಅದಕ್ಕೆ ಲಿಂಗರಾಜನ ಶಿಸ್ತು ಎಂದೇ ಹೆಸರು. ಅದರಲ್ಲಿ ಹಿಡುವಳಿಯ ಘಟಕ 'ವರ್ಗ'. ಗದ್ದೆ ಅದರ ಜೀವ. ಗದ್ದೆಗೆ ಸೊಪ್ಪು, ದನಕ್ಕೆ ಮೇವು, ಒಲೆಗೆ ಸೌದೆ, ಮನೆಗೆ ಮರ ಒದಗಲೆಂದು ಬಾಣೆ. ಬಾಣೆ ಗದ್ದೆಯ ಬಾಲವಿದ್ದಂತೆ. ಅದನ್ನು ಗದ್ದೆಯಿಂದ ಕತ್ತರಿಸಿ ಬೇರೆಯಾಗಿ ಮಾರುವಂತಿರಲಿಲ್ಲ. ಬಾಣೆಯ ಮರವನ್ನು ಮನೆಗೆ, ನೇಗಿಲಿಗೆ ಬಳಸಬಹುದಿತ್ತು, ಪೇಟೆಗೆ ಸಾಗಿಸುವಂತಿರಲಿಲ್ಲ.

ಹಿಡುವಳಿಯಲ್ಲೂ ಬಗೆಗಳಿದ್ದವು. 'ಜನ್ಮ'ದಿಂದ ಬಂದ ಪದ ಜಮ್ಮಾ. ಅದು ವಂಶಪಾರಂಪರ್ಯದ ಹಿಡುವಳಿ. ರಾಜನಿಗೆ ಸೇವೆ ಸಲ್ಲಿಸುವ ಹೊಣೆಯ ಬದಲಿಗೆ ಕಂದಾಯ ಕಡಿಮೆ, ಸಾಗು ಜಮೀನಿನ ದರದ ಅರ್ಧ. ಕೊಡವರಲ್ಲದೆ ಇತರ ಕೆಲವು ಸಮುದಾಯದವರ ಕೈಯಲ್ಲೂ ಜಮ್ಮಾ ಇತ್ತು. ಆದರೆ ಸರ್ಕಾರದ ಅಪ್ಪಣೆಯಿಲ್ಲದೆ ಅದನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಅಂದರೆ ಭೋಗವಿತ್ತು, ವಿಕ್ರಯವಿರಲಿಲ್ಲ. ಸಾಗು ಜಮೀನಿಗೆ ಪೂರ್ತಿ ಕಂದಾಯ, ಜೊತೆಗೆ ಹೆಚ್ಚು ಸ್ವಾತಂತ್ರ್ಯ. ಉಂಬಳಿಗೆ ಬೇರೆ ನಿಯಮ. ಒಂದೇ ಊರಿನ ಅಕ್ಕಪಕ್ಕದ ಎರಡು ಗದ್ದೆಗಳ ಮಣ್ಣು ಒಂದೇ ಬಣ್ಣದ್ದಾದರೂ ಹಕ್ಕಿನ ಬಣ್ಣ ಬೇರೆಯಿರುತ್ತಿತ್ತು.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಿತು. ಆದರೆ ಈ ಹಿಡುವಳಿಗಳ ವ್ಯವಸ್ಥೆಯನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟಿತು. 1854ರಲ್ಲಿ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ಆರಂಭವಾದ ಮೇಲೆ ಕಾಡು, ಬಾಣೆಗಳಿಗೆ ಹೊಸ ಬೆಲೆ ಬಂತು. ಸೊಪ್ಪಿಗೆಂದು ಬಿಟ್ಟಿದ್ದ ನೆರಳಿನ ಇಳಿಜಾರು ಕಾಫಿಗೆ ಹೇಳಿ ಮಾಡಿಸಿದ ಜಾಗವಾಯಿತು. 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ ಹಳೆಯ ಹಿಡುವಳಿಗಳನ್ನು ಹೊಸ ಕಾನೂನಿನ ಭಾಷೆಯಲ್ಲಿ ಬರೆಯಿತು. ಮರದ ಹಕ್ಕು ನೆಲದ ಹಕ್ಕಿನಿಂದ ಬೇರೆಯಾಗಿಯೇ ಉಳಿಯಿತು. ಮೌಲ್ಯ ಕಟ್ಟಿ ಬಿಡಿಸಿಕೊಂಡರೆ 'ರಿಡೀಮ್ಡ್', ಇಲ್ಲವಾದರೆ 'ಅನ್‌ರಿಡೀಮ್ಡ್'. ನಮ್ಮ ಪಹಣಿಯಲ್ಲಿ ಕಂಡ ಪದದ ಬೇರು ಇಲ್ಲಿದೆ.

ಕೊಡ್ಲಿಪೇಟೆಯವರಿಗೆ ಈ ಕಥೆ ಇನ್ನೂ ಸ್ವಲ್ಪ ತೊಡಕು. ನಮ್ಮದು ಹಳೆಯ ಏಳುಸಾವಿರ ಸೀಮೆ, ಕೊಡಗಿನ ಉತ್ತರದ ಅಂಚು. ಮಾತು, ಮದುವೆ, ವ್ಯಾಪಾರ ಎಲ್ಲವೂ ಹಾಸನದ ಜೊತೆಗೆ. ಆದರೆ ಹೇಮಾವತಿಯ ಆಚೆ ಮೈಸೂರು ಸೀಮೆ. ಅಲ್ಲಿ 1860ರ ದಶಕದಲ್ಲಿ ಬೊಂಬಾಯಿ ಮಾದರಿಯ ಸರ್ವೆ ಶುರುವಾಗಿ ಭೂಮಿಯ ಲೆಕ್ಕ ಬೇರೆ ದಾರಿ ಹಿಡಿಯಿತು. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯವಾದವು. 1964ರ ಭೂಕಂದಾಯ ಕಾಯ್ದೆ ಎರಡಕ್ಕೂ ಅನ್ವಯಿಸಿತು. ಆದರೂ ಆ ಕಾಯ್ದೆಯೇ ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟಗಳ ಜೊತೆಗೆ ಕೊಡಗಿನ ಜಮ್ಮಾ, ಬಾಣೆಗಳ ಹಳೆಯ ಸವಲತ್ತುಗಳನ್ನು ಹೆಸರಿಸಿ ಉಳಿಸಿಕೊಂಡಿತು. ಹೊಳೆಯಾಚೆಯಿಂದ ಬಂದವರ ಪ್ರಶ್ನೆಯಲ್ಲಿ ಇಷ್ಟು ಇತಿಹಾಸವಿತ್ತು. ನಮ್ಮ ಅಪ್ಪನ ಉತ್ತರದಲ್ಲಿ ಇರಲಿಲ್ಲ.

ಮುಂದಿನ ವಾರ ಮಧ್ಯವರ್ತಿಯೊಬ್ಬರು ಉಪಾಯ ತಂದರು. "ಪತ್ರದಲ್ಲಿ ಮರಮಾಲ್ಕಿ ಸಹಿತ ಅಂತ ಬರ್ದ್ಬಿಡಿ. ಬೇರೆ ಪಾರ್ಟಿ ಇದೆ. ದೂರದವ್ರು, ಅಷ್ಟೆಲ್ಲ ನೋಡಲ್ಲ." ಬಡ್ಡಿ ಬೆಳೆಯುತ್ತಿತ್ತು. ಅಪ್ಪ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಒಪ್ಪಿದರು. ಆದರೆ ಪತ್ರಕ್ಕೆ ಅತ್ತೆಯ ಸಹಿಯೂ ಬೇಕಿತ್ತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅತ್ತೆ ಕರಡನ್ನು ನನ್ನಿಂದಲೇ ಓದಿಸಿದರು. ಮರದ ಸಾಲು ಬಂದಾಗ ಕೈಯೆತ್ತಿ ನಿಲ್ಲಿಸಿದರು.

"ಅಣ್ಣ, ಇದು ನಮ್ದಲ್ಲ ಅಂತ ಗೊತ್ತಾದ್ಮೇಲೆ ಹೆಂಗೆ ಬರೆಯೋದು? ನಾನು ಸಹಿ ಹಾಕಲ್ಲ."

ಅಪ್ಪ ಏನೂ ಹೇಳಲಿಲ್ಲ. ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡರು.

ನಮ್ಮಲ್ಲಿ ನೋಂದಣಿಯ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ಉಪನೋಂದಣಿ ಕಚೇರಿಯ ಮುದ್ರೆ ಬಿದ್ದರೆ ಎಲ್ಲವೂ ಗಟ್ಟಿ ಎಂದುಕೊಳ್ಳುತ್ತೇವೆ. 1908ರ ನೋಂದಣಿ ಕಾಯ್ದೆ ನೋಂದಾಯಿಸುವುದು ಪತ್ರವನ್ನು. ಹಕ್ಕಿಗೆ ಅದು ಜಾಮೀನು ನಿಲ್ಲುವುದಿಲ್ಲ. ಮಾರುವವನಿಗೆ ಇಲ್ಲದ ಹಕ್ಕು ಮುದ್ರೆಯಿಂದ ಹುಟ್ಟುವುದಿಲ್ಲ. ಪಹಣಿಯೂ ಹಾಗೆಯೇ. ತಪ್ಪೆಂದು ಸಾಬೀತಾಗುವವರೆಗೆ ಅದನ್ನು ಸರಿಯೆಂದು ಭಾವಿಸಲಾಗುತ್ತದೆ, ಅಷ್ಟೇ. ಋಣಭಾರ ಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ಮನೆಯೊಳಗೆ ಬಾಯಿಮಾತಿನಲ್ಲಿ ಆದ ಪಾಲು ಅದರಲ್ಲಿ ಕಾಣುವುದಿಲ್ಲ.

ಹೀಗಾಗಿ ನಮ್ಮ ಕಡೆ ಜಾಗ ಕೊಳ್ಳುವ ಗೆಳೆಯರು ಕೇಳಿದರೆ ನಾನು ಹೇಳುವುದು ಇಷ್ಟು. ಮೊದಲು ಹಿಡುವಳಿಯ ಬಗೆ ನೋಡಿ: ಜಮ್ಮಾ, ಸಾಗು, ಉಂಬಳಿ ಅಥವಾ ಸರ್ಕಾರದ ಮಂಜೂರಾತಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ಊರ್ಜಿತವಲ್ಲ. ಜಮ್ಮಾ ಆದರೆ ಪಹಣಿಯಲ್ಲಿ ಪಟ್ಟೇದಾರರ ಹೆಸರು ಕಂಡಿತೆಂದು ಮುಂಗಡ ಕೊಡಬೇಡಿ. ಪಟ್ಟೇದಾರ ಕುಟುಂಬದ ಪರವಾಗಿ ನಿಂತವನು, ಅವನ ಹಿಂದೆ ಇಡೀ ಮನೆತನವಿರುತ್ತದೆ. ಹೆಣ್ಣುಮಕ್ಕಳ ಸಹಿ ಕೇಳಿ. ಗದ್ದೆಯ ಜೊತೆ ಬಾಣೆ ಬರುತ್ತದೆಯೇ, ಮರ ರಿಡೀಮ್ಡ್ ಆಗಿದೆಯೇ ನೋಡಿ. ಸರ್ವೆ ನಂಬರಿನ ಒಂದು ತುಂಡು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಇರಲಿ, ಚಕ್ಕುಬಂದಿಯನ್ನು ನಡೆದು ನೋಡಿ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾದ್ದರಿಂದ ಈ ಹಳೆಯ ಪದಗಳನ್ನು ಎಂದೂ ಕೇಳಿರದವರು ನಮ್ಮ ಊರಿಗೆ ಬರುತ್ತಿದ್ದಾರೆ. ಅವರಿಗೆ ಇವನ್ನು ಹೇಳಬೇಕಾದವರು ಮಾರುವ ನಾವೇ.

ಜಾಗ ಕೊನೆಗೆ ಆರು ತಿಂಗಳ ನಂತರ ಮಾರಾಟವಾಯಿತು, ಮೊದಲು ಆಡಿದ್ದಕ್ಕಿಂತ ಕಡಿಮೆ ಬೆಲೆಗೆ. ಸಾಲ ಪೂರ್ತಿ ತೀರಲಿಲ್ಲ. ಹೊಸ ಪತ್ರದಲ್ಲಿ ನಿಧಿ, ನಿಕ್ಷೇಪದ ಸಾಲು ಎಂದಿನಂತೆ ಇತ್ತು. ಅದರ ಕೆಳಗೆ ಅತ್ತೆ ಒಂದು ಸಾಲು ಸೇರಿಸಿದ್ದರು: ಮರಗಳ ಮೌಲ್ಯ ಸರ್ಕಾರಕ್ಕೆ ಪಾವತಿಯಾಗಿಲ್ಲ, ಇದು ಕೊಳ್ಳುವವರಿಗೆ ತಿಳಿದಿದೆ. ಪತ್ರಬರಹಗಾರರು ಅದು ಬೇಕಾ ಎಂದು ಎರಡು ಸಲ ಕೇಳಿದರು. ಬೇಕು ಎಂದು ಹೇಳಿದ್ದು ಅಪ್ಪ.